ಎರಡನೇ ಸಲ ಕೇಳದವರು

ಮನೆಗೆ ಬಂದವರಿಗೆ ನನ್ನ ಗಂಡ ಉಮಾಕಾಂತ ಕಾಫಿ ಬೇಕಾ ಎಂದು ಒಂದೇ ಒಂದು ಸಲ ಕೇಳುತ್ತಾರೆ. ಬಂದವರು ನಮ್ಮ ಕಡೆಯವರಾದರೆ ಪದ್ಧತಿಯಂತೆ ‘ಅಯ್ಯೋ ಬೇಡಿ, ಈಗ ತಾನೇ ಕುಡಿದು ಬಂದೆ’ ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಇವರು ‘ಸರಿ’ ಎಂದು ಸೋಫಾದಲ್ಲಿ ಆರಾಮಾಗಿ ಒರಗಿ ಟ್ರಕ್ಕಿನ ಗೇರ್‌ಬಾಕ್ಸಿನ ಕಥೆ ಶುರು ಮಾಡುತ್ತಾರೆ. ದೂರದ ಸೋಲ್ನಾ ಎಂಬ ಊರಿನಿಂದ ಕೊರೆಯುವ ಚಳಿಯಲ್ಲಿ ರೈಲು ಹಿಡಿದು ಬಂದಿದ್ದ ಇವರ ಗೆಳೆಯ ಬಾಲಚಂದ್ರ ಒಮ್ಮೆ ಹೀಗೆ ಬಾಯಿ ಒಣಗಿಸಿಕೊಂಡು ಗೇರ್‌ಬಾಕ್ಸ್ ಕೇಳುತ್ತ ಕೂತಿದ್ದ. ಕೊನೆಗೆ ನಾನೇ ಒಳಗಿನಿಂದ ಬಂದು, ಕೇಳದೆ ಗೀಳದೆ ಲೋಟ ಕೈಗಿಟ್ಟೆ.

ಇವರು ಹುಟ್ಟಿದಾಗಿನಿಂದ ಹೀಗಲ್ಲ. ಸ್ವೀಡನ್ನಿಗೆ ಬಂದ ಹೊಸತರಲ್ಲಿ ಸೋಡರ್‌ಟೆಲ್ಯೆಯ ಟ್ರಕ್ ಕಾರ್ಖಾನೆಯಲ್ಲಿ ಮೊದಲನೇ ಫೀಕಾ. ಕೆಲಸ ನಿಲ್ಲಿಸಿ ಎಲ್ಲರೂ ಒಟ್ಟಿಗೆ ಕೂತು ಕಾಫಿ ಕುಡಿಯುವ ಹೊತ್ತು ಅದು. ಯಾರದೋ ಹುಟ್ಟುಹಬ್ಬ, ಕೇಕಿನ ತಟ್ಟೆ ಇವರ ಮುಂದೆ ಬಂತು. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ, ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೂ ತಿಪಟೂರಿನ ಮರ್ಯಾದೆ ಬಿಡಬೇಕಲ್ಲ, ‘ನೋ, ಥ್ಯಾಂಕ್ಸ್’ ಎಂದು ಎರಡನೇ ಸಲ ಕೇಳುವುದನ್ನು ಕಾದರು. ತಟ್ಟೆ ಪಕ್ಕದವನ ಹತ್ತಿರ ಹೋಯಿತು, ತಿರುಗಿ ಬರಲೇ ಇಲ್ಲ. ಈ ದೇಶದಲ್ಲಿ ಬೇಡ ಎಂದರೆ ಬೇಡ ಅಷ್ಟೇ ಎಂದು ಅವತ್ತು ಗೊತ್ತಾಯಿತಂತೆ. ಆಮೇಲೆ ಅದನ್ನೇ ದೊಡ್ಡ ಗುಣವೆಂದು ಅಂಟಿಸಿಕೊಂಡರು. ಒಂದು ಸಲ ಕೇಳುವುದು, ಒಂದು ಸಲ ಹೇಳುವುದು. ನಮ್ಮವರು ಬಾಯಲ್ಲೊಂದು ಹೊಟ್ಟೆಯಲ್ಲೊಂದು ಇಟ್ಟುಕೊಂಡು ಸುಮ್ಮನೆ ಟೈಮ್ ಹಾಳು ಮಾಡುತ್ತಾರೆ ಎಂದು ನನಗೇ ಭಾಷಣ.

ನಾನು ಇಲ್ಲಿ ದಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಪುಟ್ಟ ಮಕ್ಕಳನ್ನು ನೋಡಿಕೊಳ್ಳುವವಳು. ಬೇಡ ಎನ್ನುವುದರಲ್ಲಿ ಎಷ್ಟು ಬಗೆ ಇದೆ ಎಂದು ನನಗೆ ಗೊತ್ತು. ನಮ್ಮ ಜನರ ವಿಷಯವಂತೂ ಕೇಳಲೇ ಬೇಡಿ. ಹಬ್ಬದ ಊಟಕ್ಕೆ ಕರೆದಾಗ ‘ಯಾಕೆ ಸುಮ್ನೆ ನಿಮಗೆ ತೊಂದರೆ’ ಎಂದು ರಾಗ ಎಳೆದವರು ಸಂಸಾರ ಸಮೇತ ಬಂದಿಳಿಯುತ್ತಾರೆ. ‘ಖಂಡಿತ ಬರ್ತೀವಿ’ ಎಂದು ಒಂದೇ ಸಲಕ್ಕೆ ಒಪ್ಪಿಕೊಂಡವರು ಬರುವುದೇ ಇಲ್ಲ, ಅವರ ಎಲೆ ಖಾಲಿ ಉಳಿಯುತ್ತದೆ. ಇದನ್ನು ಇವರಿಗೆ ಎಷ್ಟೋ ಸಲ ಹೇಳಿದ್ದೇನೆ, ತಲೆಗೆ ಹೋಗಲಿಲ್ಲ.

ಹಾಗಂತ ಇವರು ಕಲ್ಲು ಮನಸ್ಸಿನವರಲ್ಲ. ಅಕ್ಕ ಎಂದರೆ ಜೀವ ಬಿಡುತ್ತಾರೆ. ವಸಂತಕ್ಕ ತಿಪಟೂರಿನಲ್ಲಿ ಪ್ರೈಮರಿ ಸ್ಕೂಲಿನ ಟೀಚರಾಗಿದ್ದು ರಿಟೈರ್ ಆದವರು. ಅಮ್ಮ ಹಾಸಿಗೆ ಹಿಡಿದ ಮೇಲೆ ಇವರಿಗೆ ತಲೆ ಬಾಚಿ, ಡಬ್ಬಿ ಕಟ್ಟಿ, ಮಗ್ಗಿ ಹೇಳಿಕೊಟ್ಟು ಸಾಕಿದ್ದು ಅವರೇ. ಸಕ್ಕರೆ ಕಾಯಿಲೆಯಿಂದ ಅವರ ಬಲಗಣ್ಣು ಆಗಲೇ ಮಂಜಾಗಿತ್ತು. ಎಡಗಣ್ಣಿಗೂ ಶುರುವಾಗಿದೆ, ನೋಡಬೇಕಾದ್ದನ್ನೆಲ್ಲ ಈಗಲೇ ನೋಡಿಬಿಡಿ ಎಂದು ಡಾಕ್ಟರು ಹೇಳಿದರಂತೆ. ಆ ಸುದ್ದಿ ಕೇಳಿದ ರಾತ್ರಿ ಇವರು ಊಟ ಮಾಡಲಿಲ್ಲ. ಮೇ ತಿಂಗಳಿಗೆ ಅಕ್ಕನನ್ನು ಕರೆಸಿಕೊಂಡರು. ಕೂತಲ್ಲೇ ಊರುಗಳನ್ನು ನೋಡಲಿ ಎಂದು ಡ್ಯಾನ್ಯೂಬ್ ನದಿಯ ಮೇಲೆ ಹಡಗಿನ ಪ್ರವಾಸ ಬುಕ್ ಮಾಡಿದರು. ಬುಡಾಪೆಸ್ಟಿನಲ್ಲಿ ಹಡಗು ಇಳಿದು ಅಲ್ಲಿಂದ ಮನೆಗೆ ರೈಲಿನಲ್ಲಿ ಬರುವುದು. ಯಾವ ದಾರಿ ಎಂದು ಆಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟಿದ್ದರು.

ಹಡಗಿನಲ್ಲಿ ವಸಂತಕ್ಕ ಚಿಕ್ಕ ಹುಡುಗಿಯಂತಿದ್ದರು. ದಡದ ಮೇಲಿನ ಕೋಟೆಗಳನ್ನೂ ದ್ರಾಕ್ಷಿ ತೋಟಗಳನ್ನೂ ಎಡಗಣ್ಣಿನ ಕಡೆಗೆ ಕತ್ತು ತಿರುಗಿಸಿ ತಿರುಗಿಸಿ ನೋಡುವರು. ಒಂದು ಮಧ್ಯಾಹ್ನ ಡೆಕ್ ಮೇಲೆ ನಾವಿಬ್ಬರೇ ಕೂತಿದ್ದಾಗ ನನಗೊಂದು ಗುಟ್ಟು ಹೇಳಿದರು. ಅವರು ಚಿಕ್ಕವರಿದ್ದಾಗ ಮನೆಯ ನಡುಮನೆಯಲ್ಲಿ ಕೊಬ್ಬರಿ ಮಂಡಿಯವರು ಕೊಟ್ಟ ಕ್ಯಾಲೆಂಡರ್ ತೂಗುತ್ತಿತ್ತಂತೆ. ಅದರಲ್ಲಿ ಸ್ವಿಟ್ಜರ್ಲೆಂಡಿನ ಹಿಮದ ಬೆಟ್ಟ, ಬೆಟ್ಟದ ಕೆಳಗೆ ಒಂದು ಕೆಂಪು ರೈಲು. ವರ್ಷ ಮುಗಿದರೂ ಅಮ್ಮ ಅದನ್ನು ತೆಗೆಯಲು ಬಿಡಲಿಲ್ಲ. ಹಾಸಿಗೆಯಲ್ಲಿ ಮಲಗಿದ್ದ ಅವರಿಗೆ ಕಾಣುತ್ತಿದ್ದದ್ದು ಅದೊಂದೇ. ಪುಟ್ಟ ಉಮಾಕಾಂತ ಚಡ್ಡಿ ಏರಿಸಿಕೊಳ್ಳುತ್ತ, ಅಕ್ಕಾ, ನಿನ್ನ ಈ ರೈಲಲ್ಲಿ ಕೂರಿಸ್ತೀನಿ ಎನ್ನುತ್ತಿದ್ದನಂತೆ.

“ಇಲ್ಲಿಂದ ಆ ಬೆಟ್ಟ ಹತ್ರಾನೇ ಅಂತೆ ಕಣೆ ಮಾಲತಿ, ಹಡಗಿನೋರು ಹೇಳಿದ್ರು,” ಎಂದರು.

ಹಾಗಾದರೆ ನಿಮ್ಮ ತಮ್ಮನಿಗೆ ಹೇಳಿ ಎಂದೆ. ನಾನಾಗೇ ಬಾಯಿ ಬಿಟ್ಟು ಕೇಳೋಕಾಗುತ್ತಾ, ಅವನೇ ಕೇಳುತ್ತಾನೆ ಬಿಡು ಎಂದರು. ನಾನು ಹೇಳಲಾ ಎಂದಿದ್ದಕ್ಕೆ ಕೈ ಹಿಡಿದುಕೊಂಡು ಬೇಡವೇ ಬೇಡ ಎಂದರು. ಹೇಳಿಕೊಟ್ಟು ಕರೆದುಕೊಂಡು ಹೋದರೆ ಅದರಲ್ಲೇನು ಚೆಂದ ಎಂದು ನಕ್ಕರು. ನಾನು ಮಾತು ಕೊಟ್ಟೆ.

ಹಡಗಿನ ಕೊನೆಯ ಸಂಜೆ ಇವರು ಊಟದ ಮೇಜಿನ ಮೇಲೆ ಫೋನಿಟ್ಟು ಎರಡು ದಾರಿ ತೋರಿಸಿದರು. ಒಂದು ಪ್ರಾಗ್, ಬರ್ಲಿನ್ ಮೇಲೆ ನೇರ ಉತ್ತರಕ್ಕೆ, ಬೇಗ ಮನೆ ಸೇರುವ ದಾರಿ. ಇನ್ನೊಂದು ಆಸ್ಟ್ರಿಯಾದ ಉದ್ದಕ್ಕೂ ಬೆಟ್ಟಗಳ ನಡುವೆ ಹಾದು ಸ್ವಿಟ್ಜರ್ಲೆಂಡಿಗೆ ಹೋಗಿ, ಅಲ್ಲಿ ನಿಂತು, ಸುತ್ತಿ ಬರುವ ದಾರಿ. ವಸಂತಕ್ಕನ ಮುಖ ಅರಳಿದ್ದನ್ನು ನಾನು ನೋಡಿದೆ.

“ಅಕ್ಕ, ಬೆಟ್ಟದ ದಾರೀಲಿ ಹೋಗೋಣ್ವಾ?”

“ಅಯ್ಯೋ ಬೇಡ ಕಣೋ ಕಾಂತು. ಯಾಕೆ ಸುಮ್ನೆ ಅಷ್ಟು ದೂರ ಸುತ್ತೋದು. ನಿಂಗೂ ರಜ ಇಲ್ಲ.”

ಹೇಳಿ, ತಲೆ ತಗ್ಗಿಸಿ, ಮೇಜಿನ ಬಟ್ಟೆಯ ಅಂಚು ಸವರುತ್ತ ಕೂತರು. ತಿಪಟೂರಿನ ಯಾವ ಕೂಸಿಗೂ ಗೊತ್ತಾಗುತ್ತಿತ್ತು, ಅದು ಇನ್ನೊಂದು ಸಲ ಕೇಳು ಎನ್ನುವ ಬೇಡ ಎಂದು. ನಾನು ಮೇಜಿನ ಕೆಳಗೆ ಇವರ ಕಾಲಿಗೆ ಒದ್ದೆ. ಈ ಮಹಾನುಭಾವರು ಯಾಕೆ ಒದೀತೀಯ ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ಆಮೇಲೆ ಸರಿ ಎಂದು ಫೋನು ಒತ್ತಿ ಪ್ರಾಗ್ ದಾರಿಯ ಟಿಕೆಟ್ ಮಾಡಿಯೇಬಿಟ್ಟರು. ವಸಂತಕ್ಕ ಮೊಸರನ್ನ ಅರ್ಧಕ್ಕೆ ಬಿಟ್ಟು, ನಿದ್ದೆ ಬರುತ್ತಿದೆ ಎಂದು ಎದ್ದುಹೋದರು. ಅದು ನಾನು ಹಡಗಿನ ಅಡುಗೆಯವನನ್ನು ಕಾಡಿ ಬೇಡಿ ಮಾಡಿಸಿದ ಮೊಸರನ್ನ.

ಕೋಣೆಯಲ್ಲಿ ನಾನು ಬೆನ್ನು ಬಿದ್ದೆ. ಇನ್ನೊಂದು ಸಲ ಕೇಳ್ರೀ, ನಿಮ್ಮ ಗಂಟೇನು ಹೋಗುತ್ತೆ ಎಂದೆ. ಅಕ್ಕ ಬೇಡ ಅಂದಳಲ್ಲ, ಅವಳ ಮಾತಿಗೆ ಬೆಲೆ ಬೇಡವಾ, ನಾವು ದೊಡ್ಡವರನ್ನು ಮಕ್ಕಳ ಥರ ನೋಡಬಾರದು ಎಂದರು. ಮೈ ಉರಿದುಹೋಯಿತು. ಮಾತು ಕೊಟ್ಟಿದ್ದೆನಲ್ಲ, ತುಟಿ ಕಚ್ಚಿಕೊಂಡು ಮಲಗಿದೆ.

ಬೆಳಿಗ್ಗೆ ಬುಡಾಪೆಸ್ಟ್ ಸ್ಟೇಷನ್ನಿನಲ್ಲಿ ನಮ್ಮ ರೈಲಿನ ಎದುರಿನ ಪ್ಲಾಟ್‌ಫಾರಂನಲ್ಲಿ ಇನ್ನೊಂದು ರೈಲು ನಿಂತಿತ್ತು. ವಸಂತಕ್ಕ ಕತ್ತು ತಿರುಗಿಸಿ ಅದನ್ನೇ ನೋಡಿದರು.

“ಅದು ಕೆಂಪು ರೈಲೇನೋ? ಎಲ್ಲಿಗೆ ಹೋಗುತ್ತೆ?”

“ಹೌದಕ್ಕ, ಕೆಂಪೇ. ಜ್ಯೂರಿಕ್‌ಗೆ. ಸ್ವಿಟ್ಜರ್ಲೆಂಡು.”

“ಓ, ಹೌದಾ,” ಎಂದು ಸೆರಗು ಹೊದ್ದು ನಮ್ಮ ರೈಲು ಹತ್ತಿದರು. ಹತ್ತಿದ ಮೇಲೆ ಕಿಟಕಿಯ ಪಕ್ಕದ ಸೀಟನ್ನು ತಮ್ಮನಿಗೇ ಬಿಟ್ಟರು. ನೀನೇ ಕೂತ್ಕೋ ಅಕ್ಕ ಎಂದು ಇವರು ಒಂದು ಸಲ ಹೇಳಿದರು. ನಂಗೆ ಬೇಡ, ನೀನು ಕೂತ್ಕೋ ಎಂದರು ಅವರು. ಇವರು ಕೂತರು.

ರೈಲು ಊರು ದಾಟಿ ಬಯಲಿಗೆ ಬಿತ್ತು. ಗೋಧಿ ಹೊಲ, ಮತ್ತೆ ಗೋಧಿ ಹೊಲ. ವಸಂತಕ್ಕ ಕಣ್ಣು ಮುಚ್ಚಿ ಕೂತಿದ್ದರು, ನಿದ್ದೆಯಲ್ಲ ಎಂದು ನನಗೆ ಗೊತ್ತಿತ್ತು. ಅಕ್ಕ ಯಾಕೋ ಸಪ್ಪಗಿದ್ದಾಳೆ, ಟೀ ತರೋಣ ಬಾ ಎಂದು ಇವರು ನನ್ನನ್ನು ಊಟದ ಬೋಗಿಗೆ ಕರೆದುಕೊಂಡು ಹೋದರು. ಅಲ್ಲಿ ನನಗೆ ತಡೆಯಲಾಗಲಿಲ್ಲ. ಕೊಟ್ಟ ಮಾತು ಮುರಿದು ಕ್ಯಾಲೆಂಡರಿನ ಕಥೆ ಪೂರ್ತಿ ಹೇಳಿದೆ. ಇವರು ಟೀ ಕಪ್ಪು ಹಿಡಿದುಕೊಂಡು ಹಾಗೇ ನಿಂತರು. ಆ ಕ್ಯಾಲೆಂಡರ್ ಕೆಳಗೇ ನಾನು ಮಗ್ಗಿ ಕಲಿತದ್ದು ಎಂದರು. ಆಮೇಲೆ, ಅರಸೀಕೆರೆಗೆ ಹೋಗುವ ರೈಲಿನಲ್ಲೂ ಅಕ್ಕ ಕಿಟಕಿ ಸೀಟು ಯಾವಾಗಲೂ ನನಗೇ ಕೊಡುತ್ತಿದ್ದಳು, ಅವಳಿಗೆ ಕಿಟಕಿ ಇಷ್ಟವಿಲ್ಲ ಎಂದುಕೊಂಡಿದ್ದೆ ಎಂದರು. ಬೈಯಬೇಕೆಂದು ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ.

ಬಂದು ಅಕ್ಕನ ಎದುರು ಕೂತರು. ಪ್ರಾಗ್‌ನಲ್ಲಿ ಇಳಿದು ಹಾಗೇ ಬೆಟ್ಟದ ಕಡೆಗೆ ತಿರುಗೋಣ, ಆಫೀಸಿಗೆ ಹೇಳುತ್ತೇನೆ ಎಂದರು. ಅವರು ಬೇಡ ಎಂದರು. ಇವರು ಮತ್ತೆ ಕೇಳಿದರು. ಮತ್ತೆ ಬೇಡ. ಮದುವೆಯಾದಾಗಿನಿಂದ ಇವರು ಒಂದೇ ಮಾತನ್ನು ಎರಡನೇ ಸಲ ಕೇಳಿದ್ದನ್ನು ನಾನು ಕಂಡದ್ದು ಅವತ್ತೇ. ಮೂರನೇ ಸಲ ಕೇಳುವಾಗ ಅಕ್ಕನ ಎರಡೂ ಕೈ ಹಿಡಿದುಕೊಂಡಿದ್ದರು.

ವಸಂತಕ್ಕ ಸೀರೆಯ ಅಂಚು ಸ್ವಲ್ಪ ಎತ್ತಿ ಕಾಲು ತೋರಿಸಿದರು. ಪಾದ ಊದಿ ಚಪ್ಪಲಿಯ ಪಟ್ಟಿ ಒಳಗೆ ಕಚ್ಚಿಕೊಂಡಿತ್ತು.

“ಈಗ ನಿಜವಾಗ್ಲೂ ಬೇಡ ಕಣೋ. ಮೈಯಲ್ಲಿ ಆಗ್ತಿಲ್ಲ. ನಿನ್ನೆ ಇನ್ನೊಂದ್ಸಲ ಕೇಳಿದ್ದಿದ್ರೆ, ಕಾಲಿಗೆ ಬಟ್ಟೆ ಕಟ್ಕೊಂಡಾದ್ರೂ ಬರ್ತಿದ್ದೆ.”

ಬೈಗುಳದ ದನಿಯೇ ಇರಲಿಲ್ಲ ಅದರಲ್ಲಿ. ಇದ್ದಿದ್ದರೆ ಇವರು ಬದುಕಿಕೊಳ್ಳುತ್ತಿದ್ದರು. ಎದ್ದು ಕಿಟಕಿಯ ಸೀಟು ಬಿಟ್ಟುಕೊಟ್ಟು, ಅಕ್ಕ ಬೇಡ ಬೇಡ ಎನ್ನುತ್ತಿದ್ದರೂ ಕೇಳದೆ ಅಲ್ಲಿ ಕೂರಿಸಿದರು. ಆ ದಾರಿಯಲ್ಲಿ ನೋಡುವುದಕ್ಕೆ ಗೋಧಿ ಹೊಲ ಬಿಟ್ಟು ಏನೂ ಇರಲಿಲ್ಲ.

ಮನೆಗೆ ಬಂದ ಮೇಲೆ ವಸಂತಕ್ಕ ಕಾಲು ನೀಡಿಕೊಂಡು ಮಲಗಿದ್ದೇ ಹೆಚ್ಚು. ವಾರ ಕಳೆಯುವುದರಲ್ಲಿ ಬೆಂಗಳೂರಿಗೆ ವಿಮಾನ. ಅವರ ಪೆಟ್ಟಿಗೆ ಕಟ್ಟುವಾಗ ತಳದಲ್ಲಿ ಉಣ್ಣೆಯ ಮಂಕಿ ಟೋಪಿ, ಒಂದು ಜೊತೆ ಕೈಗವಸು ಸಿಕ್ಕವು. ಅಂಗಡಿಯ ಚೀಟಿಯನ್ನೂ ಕಿತ್ತಿರಲಿಲ್ಲ. ಹಿಮದ ಬೆಟ್ಟಕ್ಕೆಂದು ತಂದದ್ದು, ನೀನೇ ಇಟ್ಟುಕೋ, ನಿಮ್ಮೂರಲ್ಲೂ ಚಳಿಯಲ್ಲವಾ ಎಂದು ನನ್ನ ಕೈಗಿಟ್ಟರು. ಇವರು ಬಾಗಿಲಲ್ಲಿ ನಿಂತು ನೋಡಿ ಹೊರಗೆ ಹೋದರು.

ಅವತ್ತಿನಿಂದ ಇವರದು ಬೇರೆಯೇ ಹುಚ್ಚು. ಬಾಲಚಂದ್ರ ಬಂದರೆ ಕಾಫಿ ಬೇಕಾ, ನಿಜವಾಗ್ಲೂ ಬೇಡವಾ, ಸಂಕೋಚ ಪಡಬೇಡ ಎಂದು ಪ್ರಾಣ ತಿನ್ನುತ್ತಾರೆ. ಕಾರ್ಖಾನೆಯಲ್ಲಿ ಪಕ್ಕದ ಮೇಜಿನ ಸ್ವೀಡಿಷ್ ಗೆಳೆಯನಿಗೆ ದಾಲ್ಚಿನ್ನಿ ಬನ್ನು ಬೇಕಾ ಎಂದು ಮತ್ತೆ ಮತ್ತೆ ಕೇಳಿದರಂತೆ. ಅವನು ಬೇಡ ಅಂದೆನಲ್ಲ ಉಮಾ, ಹುಷಾರಾಗಿದ್ದೀಯಾ ಎಂದನಂತೆ. ಇದನ್ನೆಲ್ಲ ಹೇಳಿ ನಗಿಸಲು ನೋಡುತ್ತಾರೆ, ನಗು ಅವರಿಗೇ ಬರುವುದಿಲ್ಲ. ಸೋಡರ್‌ಟೆಲ್ಯೆ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಆ ಬೆಟ್ಟದ ದಾರಿಯನ್ನು ಫೋನಿನಲ್ಲಿ ತೆಗೆದು ನೋಡುತ್ತ ನಿಂತಿರುತ್ತಾರೆ. ಎಲ್ಲಿ ಹತ್ತಬೇಕು, ಯಾವ ಕಡೆಯ ಕಿಟಕಿ, ಅಕ್ಕನ ಎಡಗಣ್ಣಿಗೆ ಬೆಟ್ಟ ಬೀಳುವುದು ಯಾವ ಸೀಟಿನಿಂದ ಎಂದು ನನಗೆ ವಿವರಿಸುತ್ತಾರೆ. ನಾನು ಹೂಂ ಎನ್ನುತ್ತೇನೆ.

ಚಳಿಗಾಲದಲ್ಲಿ, ಹೊರಗೆ ಮಧ್ಯಾಹ್ನಕ್ಕೇ ಕತ್ತಲಾಗಿದ್ದ ಒಂದು ಭಾನುವಾರ, ಫೋನಿನಲ್ಲಿ ವಸಂತಕ್ಕ ಎಡಗಣ್ಣಿನ ವಿಷಯ ಹಗುರವಾಗಿ ಹೇಳಿದರು. ಈಗ ಪೇಪರಿನಲ್ಲಿ ತಲೆಬರಹ ಮಾತ್ರ ಕಾಣುತ್ತದೆ, ಅಷ್ಟು ಸಾಕು ಬಿಡು, ಒಳಗಿನದು ಯಾರಿಗೆ ಬೇಕು ಎಂದರು. ಇವರು ಸ್ಪೀಕರಿನಲ್ಲಿದ್ದ ಫೋನನ್ನು ಮೇಜಿನ ಮೇಲಿಟ್ಟು, ಮುಂದಕ್ಕೆ ಬಗ್ಗಿ ಕೂತರು. ಎಷ್ಟು ಸಲ ಬೇಕಾದರೂ ಕೇಳಲು ಸಿದ್ಧವಾಗಿ ಕೂತ ಹಾಗಿತ್ತು.

“ಅಕ್ಕ, ಮೇ ತಿಂಗಳಲ್ಲಿ ಬಾ. ಹಡಗು ಗಿಡಗು ಏನೂ ಬೇಡ. ಸೀದಾ ಕೆಂಪು ರೈಲು.”

“ಬರ್ತೀನಿ ಕಣೋ ಕಾಂತು. ಖಂಡಿತ ಬರ್ತೀನಿ.”

ಆಮೇಲೆ ಊಟ ಆಯಿತಾ, ಮಾಲತಿ ಹೇಗಿದ್ದಾಳೆ ಎಂದು ಕೇಳಿ ಫೋನಿಟ್ಟರು. ಇವರು ಕರೆ ಮುಗಿದ ಫೋನನ್ನೇ ನೋಡುತ್ತ ಕೂತಿದ್ದರು.

“ಒಂದೇ ಸಲಕ್ಕೆ ಒಪ್ಕೊಂಡ್ಬಿಟ್ಟಳು ಮಾಲತಿ,” ಎಂದರು.

ನಾನು ಎದ್ದು ಕಾಫಿಗೆ ಹಾಲಿಟ್ಟೆ. ಬೇಕಾ ಎಂದು ಕೇಳಲಿಲ್ಲ.