ಕುಕ್ಕರ್ ಟೀಚರ್

ಟೀಚರ ಬಲಗೈಯ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ಇಪ್ಪತ್ತು ವರ್ಷ ದಿನಕ್ಕೆರಡು ಸಲ ಅನ್ನದ ಅಗುಳನ್ನು ತೋರುಬೆರಳಿಗೆ ಒತ್ತಿ, ಬೆಂದಿದೆಯೋ ಇಲ್ಲವೋ ಎಂದು ನೋಡಿ ನೋಡಿ ಹಾಗಾದದ್ದು. ಕುದಿಯುವ ಪಾತ್ರೆಯಿಂದ ಸೌಟಿನಲ್ಲಿ ಅಗುಳು ತೆಗೆದು, ಊದದೆಯೇ ಒತ್ತಿ, “ಇನ್ನೆರಡು ಕುದಿ ಬರಬೇಕು” ಎನ್ನುತ್ತಿದ್ದರು. ಎರಡೇ ಕುದಿ. ಮೂರನೆಯದು ಬೇಕಾದದ್ದನ್ನು ನಾನು ನೋಡಿಲ್ಲ. ಕಂಡವರನ್ನೆಲ್ಲ ಅನುಕರಿಸುವ ಚಟದವನಾದ ನಾನು ಒಮ್ಮೆ ಅದನ್ನೂ ಮಾಡಲು ಹೋಗಿ ಬೆರಳು ಸುಟ್ಟುಕೊಂಡೆ. ಅವರು ನಗಲಿಲ್ಲ. “ದನಿ ಕದಿಯಬಹುದು ಮಾರಾಯ, ಬೆರಳು ಕದಿಯಲಿಕ್ಕೆ ಆಗುವುದಿಲ್ಲ” ಎಂದು ತಣ್ಣೀರಿನ ಚೆಂಬು ಮುಂದೆ ಇಟ್ಟರು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಪ್ರೆಶರ್ ಕುಕ್ಕರ್ ಮಾಡುವ ಒಂದು ಕಂಪನಿಗೆ ಉಡುಪಿಯ ಕಡೆಯಲ್ಲಿ ನಾನು ಸೇಲ್ಸ್ ಪ್ರತಿನಿಧಿ. ನನ್ನ ಯೋಗ್ಯತೆ ಎಂದರೆ ಒಂದು ಬಿ.ಕಾಂ., ಮತ್ತು ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೆಮ್ಮನ್ನು ಅನುಕರಿಸಿ ಪಡೆದ ಬಹುಮಾನ. ಮೇ ತಿಂಗಳ ಸೆಕೆಯಲ್ಲಿಯೂ ಟೈ ಕಟ್ಟಿಕೊಳ್ಳುತ್ತಿದ್ದೆ. ಕಟಪಾಡಿಯ ರಿಕ್ಷಾದವರು ನನ್ನನ್ನು ಕಂಡರೆ “ಕಟ್ಟಿ ಹಾಕಿದ ಕರು ಬಂತು” ಎನ್ನುತ್ತಿದ್ದರು. ಅವರು ಹಾಗೆ ಹೇಳುವುದನ್ನೂ ನಾನು ಚೆನ್ನಾಗಿ ಅನುಕರಿಸುತ್ತಿದ್ದೆ.

ಟೀಚರ್ ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಮಹಿಳಾ ಮಂಡಲಗಳಲ್ಲಿ ನಮ್ಮ ಕುಕ್ಕರಿನಿಂದ ಅಡುಗೆ ಮಾಡಿ ತೋರಿಸಲು ಕಂಪನಿ ದಿನದ ಸಂಬಳಕ್ಕೆ ಇಟ್ಟುಕೊಂಡ ಹೆಂಗಸು. ಹೆಂಗಸರೇ ‘ಕುಕ್ಕರ್ ಟೀಚರ್’ ಎಂದು ಹೆಸರಿಟ್ಟರು. ಚಿಕ್ಕ ಪ್ರಾಯದಲ್ಲಿ ಗಂಡ ತೀರಿಹೋಗಿ, ಕಾರ್ಕಳದ ಅಣ್ಣನ ಮನೆಯಲ್ಲಿ ಹದಿನಾರು ಜನರಿಗೆ ಅಡುಗೆ ಮಾಡಿಕೊಂಡಿದ್ದವರು. ಈ ಕೆಲಸ ಸಿಕ್ಕಿದ ಮೇಲೆ ಅಣ್ಣನೊಂದಿಗೆ ಜಗಳವಾಡಿಯೇ ಬಂದು ಬನ್ನಂಜೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು.

“ಕೋಣೆ ಸಣ್ಣದಾಯಿತಲ್ಲ ಟೀಚರ್” ಎಂದು ಒಮ್ಮೆ ಹೇಳಿದ್ದೆ.

“ಇಲ್ಲಿ ಹಸಿವಾದಾಗ ಅನ್ನ ಮಾಡ್ತೇನೆ. ಇಲ್ಲದಿದ್ದರೆ ಮಾಡುವುದಿಲ್ಲ. ಅಣ್ಣನ ಮನೆಯಲ್ಲಿ ಅಷ್ಟು ದೊಡ್ಡ ಕೋಣೆ ಇರಲಿಲ್ಲ.”

ಆದರೆ ಕಂಪನಿ ಅವರಿಗೆ ಕೊಟ್ಟದ್ದು ಚೌತಿಯವರೆಗಿನ ಅವಧಿ. ಅಷ್ಟರಲ್ಲಿ ಮಾರಾಟ ಏಳದಿದ್ದರೆ ಡೆಮೊ ಬಂದ್. ಡೆಮೊ ಬಂದ್ ಆದರೆ ಕೋಣೆ ಬಂದ್. ಅಣ್ಣನ ಮನೆಯ ಒಲೆ ಎಲ್ಲಿಗೂ ಹೋಗಿರಲಿಲ್ಲ.

ಬೊಂಬಾಯಿಯಿಂದ ಒಂದು ಪ್ಲಾನ್ ಬಂದಿತ್ತು. ಹನ್ನೊಂದು ಹಾಳೆ, ಟೈಪ್ ಮಾಡಿದ್ದು. ಅದನ್ನು ತಂದುಕೊಟ್ಟ ಬೆಂಗಳೂರಿನ ಮ್ಯಾನೇಜರು ಮೂಗಿನಿಂದಲೇ ಮಾತಾಡುವವರು. “ಮೈ ಡಿಯರ್ ಬಾಯ್, ಮಾರ್ಕೆಟಿಂಗ್ ಅಂದ್ರೆ ಯುದ್ಧ” ಎಂದು ನನ್ನ ಬೆನ್ನು ತಟ್ಟಿ, ಮೀನೂಟ ಮಾಡಿ ಹೋದರು. ಪ್ಲಾನಿನ ಪ್ರಕಾರ ಮೊದಲು ಕೊಳ್ಳುವವರು ಮಣಿಪಾಲದ ಪ್ರೊಫೆಸರುಗಳ ಮನೆಯವರು. ಅವರನ್ನು ನೋಡಿ ಉಳಿದವರು. ಮಣಿಪಾಲದಲ್ಲಿ ಏಳು ಮನೆಗಳ ಬಾಗಿಲು ತಟ್ಟಿದೆವು. ಏಳರಲ್ಲಿ ಆರು ಮನೆಯಲ್ಲಿ ಆಗಲೇ ಕುಕ್ಕರ್ ಇತ್ತು. ಏಳನೆಯ ಮನೆಯಲ್ಲಿ ನಾಯಿ ಇತ್ತು.

ಮೊದಲನೆಯ ದೊಡ್ಡ ಡೆಮೊ ಕಾರ್ಕಳದಲ್ಲಿ. ಪ್ಲಾನಿನಲ್ಲಿದ್ದಂತೆ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ಪುಲಾವ್, ರಾಜ್ಮಾ. ಒಬ್ಬಳು ರಾಜ್ಮಾ ಕಾಳನ್ನು ಎತ್ತಿ ಹಿಡಿದು, “ಇದೆಂತ, ಅಲಸಂಡೆಯ ದೊಡ್ಡಪ್ಪನಾ?” ಎಂದಳು. ನಗು. ಬಳಿಕ ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು ಬಂದು ಕುಕ್ಕರಿನೊಳಗೆ ಇಣುಕಿದರು.

“ಅನ್ನವೇನೋ ಆಯ್ತು ಮಗಾ. ತೆಳಿ ಎಲ್ಲಿ ಹೋಯ್ತು?”

ನಮ್ಮ ಕಡೆ ಮನೆಯ ಊಟವೆಂದರೆ ಕುಚ್ಚಲಕ್ಕಿ. ಧಾರಾಳ ನೀರಿನಲ್ಲಿ ಬೇಯಿಸಿ, ಬಸಿದು, ಆ ತೆಳಿಗೆ ಉಪ್ಪು ಹಾಕಿ ಕುಡಿಯಬೇಕು. ಜ್ವರದವರಿಗೆ ಅದೇ, ಮಗುವಿಗೆ ಅದೇ, ಹಟ್ಟಿಯ ದನಕ್ಕೂ ಅದೇ. ನೀರನ್ನೆಲ್ಲ ನುಂಗಿ ಕೂತ ಕುಕ್ಕರನ್ನು ಹೆಂಗಸರು ಕಳ್ಳನನ್ನು ನೋಡಿದ ಹಾಗೆ ನೋಡಿದರು. ಟೀಚರ್, “ಗೊತ್ತಿಲ್ಲ ಅಮ್ಮ, ನೋಡಿ ಹೇಳ್ತೇನೆ” ಎಂದರು. ನಾನಾಗಿದ್ದರೆ ಏನಾದರೊಂದು ಸುಳ್ಳು ಬಿಡುತ್ತಿದ್ದೆ.

ಬಸ್ಸಿನಲ್ಲಿ ಅವರು ಯಾವಾಗಲೂ ಮುಂದೆ, ನಾನು ಹಿಂದೆ. ಜನ ಮಾತಾಡಬಾರದಲ್ಲ. ಅಂದು ಇಳಿದ ಮೇಲೆ ಹೇಳಿದರು: “ಪ್ಲಾನ್ ಬೊಂಬಾಯಿಯಲ್ಲಿ ಬೇಯಬಹುದು. ಅನ್ನ ಇಲ್ಲಿ ಬೇಯಬೇಕು.”

ಎಂಟು ದಿನ ಬನ್ನಂಜೆಯ ಆ ಕೋಣೆಯಿಂದ ಸೀಮೆಎಣ್ಣೆ ಸ್ಟವ್ವಿನ ಸದ್ದು. ಕುಚ್ಚಲಕ್ಕಿ ಗಂಜಿಯಾಯಿತು, ಕಲ್ಲಾಯಿತು, ಒಮ್ಮೆ ನೊರೆ ಉಕ್ಕಿ ಗೋಡೆಗೆ ಹಾರಿತು. ಒಂಬತ್ತನೆಯ ದಿನ ನನ್ನನ್ನು ಕರೆದು ತೋರಿಸಿದರು. ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸಬಾರದು. ನೀರು ಧಾರಾಳ ಇರಲಿ. ಎರಡೇ ವಿಸಿಲ್. ಸ್ಟವ್ ಆರಿಸಿ ಒಂದು ಗಂಟೆ ಅದರ ಕಡೆ ನೋಡಲೇಬಾರದು. ಅದು ಒಳಗೇ ಬೇಯುತ್ತದೆ. ತೆಗೆದು ಬಸಿದರೆ ತೆಳಿಯೂ ಉಂಟು.

“ಒಂದು ಗಂಟೆ ಎಂತ ಮಾಡುವುದು ಟೀಚರ್?”

“ಅದೇ ಅಲ್ವಾ ಮಾರಬೇಕಾದದ್ದು? ಆ ಒಂದು ಗಂಟೆ. ಎಂತ ಬೇಕಾದರೂ ಮಾಡಲಿ, ಮಲಗಲಿ.”

ಹನ್ನೊಂದು ಹಾಳೆಗಳಲ್ಲಿ ಈ ಮಾತು ಎಲ್ಲಿಯೂ ಇರಲಿಲ್ಲ.

ಆದರೂ ಹೆದರಿಕೆಯೊಂದು ಉಳಿದಿತ್ತು. ಕಾಪುವಿನಲ್ಲಿ ಒಂದು ಬ್ಯಾರಿ ಮನೆಯ, ಮಳೆಗೆ ಚಪ್ಪರ ಹಾಕಿದ ಅಂಗಳದಲ್ಲಿ ಡೆಮೊ. ಇಪ್ಪತ್ತೈದು ಹೆಂಗಸರು, ಎಲ್ಲರೂ ಸ್ಟವ್ವಿನಿಂದ ಹತ್ತು ಮಾರು ದೂರ. ಮನೆಯೊಡತಿ ಹೇಳಿದರು, “ನಮ್ಮವರು ಮಸ್ಕತ್ತಿನಿಂದ ಒಂದು ತಂದಿದ್ದಾರೆ ಟೀಚರ್. ಸಿಡೀತದೆ ಅಂತ ನಾನು ಅದರಲ್ಲಿ ಬೆಲ್ಲ ಹಾಕಿ ಅಟ್ಟದಲ್ಲಿ ಇಟ್ಟಿದ್ದೇನೆ. ಒಳ್ಳೇದುಂಟು, ಇರುವೆ ಹೋಗುವುದಿಲ್ಲ.”

ಅಂದು ಎಷ್ಟು ಹೊತ್ತಾದರೂ ವಿಸಿಲ್ ಬರಲಿಲ್ಲ. ಹೆಂಗಸರು ಏಳತೊಡಗಿದರು. ಚೌತಿಗೆ ಇನ್ನು ಆರು ವಾರ. ನಾನು ಜಗಲಿಯ ಕಂಬದ ಹಿಂದೆ ಹೋಗಿ, ಕುಕ್ಕರಿಗಿಂತ ಚೆನ್ನಾಗಿ, ಕೊನೆಗೆ ಉಗುಳು ಹಾರುವ ಸದ್ದಿನ ಸಮೇತ, ಎರಡು ವಿಸಿಲ್ ಹಾಕಿದೆ. ಎದ್ದವರು ಕೂತರು. ಒಬ್ಬಳು ಕಿವಿ ಮುಚ್ಚಿಕೊಂಡಳು. ನನ್ನ ಜೀವನದ ಶ್ರೇಷ್ಠ ಪ್ರದರ್ಶನ ಅದು.

ಟೀಚರ್ ಕುಕ್ಕರಿನ ತಲೆಯ ಮೇಲಿದ್ದ, ಅಲುಗದ ಗುಂಡನ್ನು ನೋಡಿದರು. ಸ್ಟವ್ ಆರಿಸಿದರು. ಮುಚ್ಚಳ ತೆಗೆದು ಒಂದು ಅಗುಳು ಒತ್ತಿದರು.

“ವಿಸಿಲ್ ಹಾಕಿದ್ದು ಕುಕ್ಕರ್ ಅಲ್ಲ. ಕಂಬದ ಹಿಂದೆ ಇರುವ ಆ ಟೈ. ಅಕ್ಕಿ ಬೆಂದಿಲ್ಲ.”

ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಬೇರೆ ಉಪಾಯವಿರಲಿಲ್ಲ. ಅವರು ಮುಚ್ಚಳದ ರಬ್ಬರನ್ನು ಎಳೆದು, ಹರಿದ ಜಾಗವನ್ನು ತೋರಿಸಿದರು. “ಇದು ಹರಿದದ್ದಕ್ಕೆ ಹಬೆ ಬದಿಯಿಂದ ಹೋಯ್ತು. ಸಿಡಿಯಲಿಲ್ಲ ಅಲ್ವಾ? ಬೇಯಲಿಲ್ಲ, ಅಷ್ಟೇ. ಇಲ್ಲಿ ನೋಡಿ, ಈ ಸಣ್ಣ ಬಿಲ್ಲೆ. ಒಳಗೆ ಒತ್ತಡ ಜಾಸ್ತಿಯಾದರೆ ಮೊದಲು ಹೋಗುವುದು ಇದು, ನೀವಲ್ಲ. ಬನ್ನಿ, ಮುಟ್ಟಿ ನೋಡಿ.”

ಒಬ್ಬೊಬ್ಬರಾಗಿ ಬಂದರು, ಮುಟ್ಟಿದರು. ರಬ್ಬರ್ ಕೈಯಿಂದ ಕೈಗೆ ಅಂಗಳ ಸುತ್ತಿತು. ಮನೆಯೊಡತಿ ಅಟ್ಟ ಹತ್ತಿ ಬೆಲ್ಲ ಸುರಿದು ತಮ್ಮದನ್ನು ಇಳಿಸಿ ತಂದರು. ಅಂದು ಒಂದೂ ಮಾರಾಟವಾಗಲಿಲ್ಲ. ದಾರಿಯಲ್ಲಿ ನಾನು ಟೀಚರ ಬೈಗುಳಕ್ಕೆ ಕಾಯುತ್ತಿದ್ದೆ. “ಹೆದರಿಕೆ ಹೋಗದೆ ಕೈ ದುಡ್ಡಿನ ಚೀಲಕ್ಕೆ ಹೋಗುವುದಿಲ್ಲ” ಎಂದರು. ಅಷ್ಟೇ.

ಮುಂದೆ ಊರೂರಿನಲ್ಲಿ ಟೀಚರ್ ಕುಚ್ಚಲಕ್ಕಿಯನ್ನೇ ಬೇಯಿಸಿ, ತೆಳಿ ಬಸಿದು ತೋರಿಸಿದರು. ಚೌತಿಯ ವಾರದಲ್ಲಿ ಕಟಪಾಡಿಯ ಪಾತ್ರೆ ಅಂಗಡಿಯವರು ನನ್ನನ್ನು ಹಿಡಿದು ನಿಲ್ಲಿಸಿದರು. “ಮಾಲು ಎಲ್ಲಿ ಮಾರಾಯ್ರೆ? ಇದ್ದದ್ದೆಲ್ಲ ಖಾಲಿ. ನಿಮ್ಮ ಕಂಪನಿಯ ಹೆಸರು ಯಾರಿಗೂ ಗೊತ್ತಿಲ್ಲ. ‘ತೆಳಿ ಬರುವ ಕುಕ್ಕರ್ ಕೊಡಿ’ ಅಂತಾರೆ.” ಕಾರ್ಕಳದಲ್ಲೂ ಅದೇ ಮಾತು. ಟೀಚರಿಗೆ ಹೇಳಿದೆ. ಅವರು ಆ ವಾರವೇ ಕೋಣೆಗೆ ಸುಣ್ಣ ಹೊಡೆಸಿದರು.

ನಾನು ರಿಪೋರ್ಟ್ ಬರೆದೆ. ಮ್ಯಾನೇಜರ ಇಂಗ್ಲಿಷನ್ನು ಅನುಕರಿಸಿಯೇ ಬರೆದೆ. ಬರೆಯುವಾಗ ಮೂಗಿನಿಂದ ಓದಿಕೊಂಡು ನಗುತ್ತಲೂ ಇದ್ದೆ. ಟೀಚರ ಹೆಸರು ಎರಡನೆಯ ಪುಟದಲ್ಲಿ ಒಮ್ಮೆ ಬಂದಿರಬೇಕು. ಕೊನೆಗೆ ಒಂದು ಗತ್ತಿನ ವಾಕ್ಯ ಬೇಕೆನಿಸಿತು. ಈ ಭಾಗದಲ್ಲಿ ನಮ್ಮ ಕುಕ್ಕರ್ ಇನ್ನು ತನ್ನನ್ನು ತಾನೇ ಮಾರಿಕೊಳ್ಳುತ್ತದೆ, ಎಂದು ಬರೆದೆ.

ಮೂರು ವಾರಗಳಲ್ಲಿ ಎರಡು ಕಾಗದ ಬಂದವು. ಒಂದು ನನಗೆ ಬಡ್ತಿಯದ್ದು. ಇನ್ನೊಂದು ಅವರದ್ದು. ಇಂಗ್ಲಿಷಿನಲ್ಲಿ ಇದ್ದುದರಿಂದ ನಾನೇ ಓದಿ ಹೇಳಬೇಕಾಯಿತು. ಕುಕ್ಕರ್ ಇನ್ನು ತನ್ನನ್ನು ತಾನೇ ಮಾರಿಕೊಳ್ಳುವುದರಿಂದ ಡೆಮೊ ಬೇಕಾಗಿಲ್ಲ, ಧನ್ಯವಾದ.

ಟೀಚರ್ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದರು. ಆಮೇಲೆ, “ತಾನೇ ಮಾರಿಕೊಳ್ತದೆ ಅಂತ ಹೇಳಿದ್ದು ಯಾರು?” ಎಂದರು.

“ಬೊಂಬಾಯಿಯವರು.”

“ಒಳ್ಳೆ ಮಾತು” ಎಂದರು.

ಕೋಣೆಯಲ್ಲಿ ಸುಣ್ಣದ ವಾಸನೆ ಇನ್ನೂ ಇತ್ತು. ತಿಂಗಳ ಕೊನೆಗೆ ಅವರ ಟ್ರಂಕನ್ನು ಕಾರ್ಕಳದ ಬಸ್ಸಿನ ಮೇಲಕ್ಕೆ ಏರಿಸಿದವನು ನಾನೇ. ಅವರು ಮುಂದೆ ಕೂತರು. ಆಗ ನನಗೆ ಏನೂ ಅನಿಸಲಿಲ್ಲ. ಬಸ್ಸು ಹೋದ ಮೇಲೆ ಚಾ ಕುಡಿದದ್ದು ನೆನಪಿದೆ, ಅದಕ್ಕೆ ಸಕ್ಕರೆ ಜಾಸ್ತಿಯಾಗಿದ್ದದ್ದು ಕೂಡ.

ಬಳಿಕ ಮೂರು ಜಿಲ್ಲೆಗಳಲ್ಲಿ ಅವರು ಹೇಳಿದ್ದನ್ನೇ ಹೇಳಿ ಮಾರಿದೆ. ಮೀಟಿಂಗುಗಳಲ್ಲಿ, ಒಂದು ಪ್ಲಾನ್ ಯಾಕೆ ಗೆಲ್ಲುತ್ತದೆ, ಯಾಕೆ ಸೋಲುತ್ತದೆ ಎಂದು ಹೊಸಬರಿಗೆ ಪಾಠ ಹೇಳುತ್ತೇನೆ. ಚಪ್ಪಾಳೆ ಬೀಳುತ್ತದೆ. ನಾನು ಪ್ರತಿಯೊಬ್ಬರ ಹೆಸರನ್ನೂ ಹೇಳಿಯೇ ಅನುಕರಿಸುವವನು. ಈ ಪಾಠವೊಂದಕ್ಕೆ ಹೇಳಿಲ್ಲ.

ಕಳೆದ ವರ್ಷ ಅವರು ತೀರಿಕೊಂಡ ಸುದ್ದಿ ಯಾರೋ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದರು. ಕಾರ್ಯವೆಲ್ಲ ಮುಗಿದ ಮೇಲೆ ಕಾರ್ಕಳಕ್ಕೆ ಹೋದೆ. ಅಣ್ಣನಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಅತ್ತಿಗೆ ಪಾನಕ ತಂದುಕೊಟ್ಟು, ಜ್ವರ ಎರಡೇ ದಿನ ಇದ್ದದ್ದು, ಹಿಂದಿನ ದಿನದವರೆಗೂ ಅಡುಗೆ ಮಾಡಿದ್ದಾರೆ, ಎಂದರು. ಕಂಪನಿಯಲ್ಲಿ ಅವರ ಜೊತೆಗಿದ್ದವನು ಎಂದೆ. ಯಾವ ಕಂಪನಿ ಎಂದು ಕೇಳಿದರು. ಹೇಳಿದೆ.

“ಹಾಗಾದರೆ ಒಳ್ಳೇದಾಯ್ತು. ನಮ್ಮಲ್ಲಿ ಕುಕ್ಕರ್ ಇಲ್ಲ ನೋಡಿ. ಅವರು ಇರುವಾಗ ಬೇಕಾಗಿರಲಿಲ್ಲ. ಈಗ ಒಂದು ಬೇಕು. ನಮ್ಮ ಮನೆಗೆ ಎಷ್ಟು ದೊಡ್ಡದು ಸಾಕಾದೀತು?”

ಎಷ್ಟು ಜನ ಎಂದು ಕೇಳಿದೆ. ಹನ್ನೆರಡು ಎಂದರು. ಹತ್ತು ಲೀಟರಿನದ್ದು ಎಂದು ಹೇಳಿ, ಆರ್ಡರ್ ಪುಸ್ತಕ ತೆಗೆದು ಬರೆದುಕೊಂಡೆ. ಹೇಗೆ ಬೇಯಿಸುವುದೆಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ.