ಬ್ರಷ್ ಒರೆಸುವ ಗೋಡೆ

ನಿಮ್ಮ ಮೇಲೆ ಯಾರ ಪ್ರಭಾವ ಎಂದು ಕೇಳಿದವರಿಗೆಲ್ಲ ಆ ಚಿತ್ರಗಾರ್ತಿ ಒಂದೇ ಮಾತು ಹೇಳುತ್ತಿದ್ದಳು: "ಒಂದು ಗೋಡೆಯದು." ಕೇಳಿದವರು ತಮಾಷೆ ಎಂದುಕೊಂಡು ನಗುತ್ತಿದ್ದರು. ನಗಲಿ ಬಿಡಿ, ಪಾಪ, ಅವರೇನು ಆ ಗೋಡೆಯನ್ನು ಕಂಡವರೇ!

ಅವಳಪ್ಪ ಬಾಗಿಲು, ಕಿಟಕಿ, ಅಂಗಡಿ ಷಟರುಗಳಿಗೆ ಬಣ್ಣ ಹೊಡೆಯುವವನು. ತಾಯಿಯಿಲ್ಲದ ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ತನ್ನ ಶೆಡ್ಡಿಗೇ ಕರೆದೊಯ್ದು, ಡಬ್ಬಿಗಳ ನಡುವೆ ಗೋಣಿ ಹಾಸಿ ಮಲಗಿಸುತ್ತಿದ್ದ. ಎದುರಿಗೆ ಗೋಡೆ. ಕೆಲಸ ಮುಗಿದ ಮೇಲೆ ಬ್ರಷ್‌ನಲ್ಲಿ ಉಳಿದ ಬಣ್ಣವನ್ನು ಅದಕ್ಕೇ ಒರೆಸುತ್ತಿದ್ದ. ಹಸಿರಿನ ಮೇಲೆ ನೀಲಿ, ನೀಲಿಯ ಮೇಲೆ ಇಟ್ಟಿಗೆಗೆಂಪು, ಹೀಗೆ ವರ್ಷಗಟ್ಟಲೆ ಬಣ್ಣದ ಮೇಲೆ ಬಣ್ಣ ಕೂತು ಗೋಡೆ ಮರದ ತೊಗಟೆಯಂತೆ ಒರಟಾಗಿತ್ತು. ಟರ್ಪೆಂಟೈನ್ ವಾಸನೆಯಲ್ಲಿ ಮಗುವಿನ ಕಣ್ಣು ಎಳೆಯುವ ಹೊತ್ತಿಗೆ ಆ ಗೋಡೆ ಮೆಲ್ಲಗೆ ಅಲುಗಾಡತೊಡಗುವುದು. ನೀಲಿ ಹರಿಯುವುದು, ಹಳದಿ ಅದರ ಮೇಲೆ ತೇಲುವುದು, ಕೆಂಪು ದೂರ ಸರಿದು ಯಾರನ್ನೋ ಕಾಯುತ್ತ ನಿಲ್ಲುವುದು. ಅಲ್ಲಿ ಮನೆಯಿಲ್ಲ, ಮರವಿಲ್ಲ, ಮನುಷ್ಯರಿಲ್ಲ. ಆದರೂ ಮಗುವಿಗೆ ಒಂಟಿ ಅನಿಸುತ್ತಿರಲಿಲ್ಲ.

ದೊಡ್ಡವಳಾಗಿ ಅವಳು ಬಿಡಿಸಿದ್ದೂ ಅದನ್ನೇ. ಗುರುಗಳು ಸೇಬು ಬಿಡಿಸು ಅಂದರೆ ಸೇಬಿನ ಕೆಂಪನ್ನಷ್ಟೇ ಬಿಡಿಸಿ ಬೈಸಿಕೊಂಡಳು. ಬೈದವರೇ ಆಮೇಲೆ "ಇವಳು ನನ್ನ ಶಿಷ್ಯೆ" ಎಂದು ಹೇಳಿಕೊಂಡು ತಿರುಗಿದರು, ಅದು ಬೇರೆ ಮಾತು. ಅಪ್ಪ ಮಾತ್ರ ಪ್ರತಿ ಪ್ರದರ್ಶನಕ್ಕೂ ಒಗೆದ ಅಂಗಿ ತೊಟ್ಟು ಬಂದು, ಚಿತ್ರದ ಮುಂದೆ ಕತ್ತು ಓರೆ ಮಾಡಿ ನಿಂತು, ಅದೇ ಪ್ರಶ್ನೆ ಕೇಳುತ್ತಿದ್ದ: "ಅಲ್ಲಮ್ಮಾ, ಇದ್ರಲ್ಲಿ ಯಾವ ಕಡೆ ಮೇಲು?" ಎಲ್ಲರೂ ನಗುವರು. ಅವಳೂ ನಗುವಳು. ಊರೆಲ್ಲ ಹೊಗಳಿದರೂ ಅಪ್ಪನಿಗೆ ತಿಳಿಯಲಿಲ್ಲವಲ್ಲ ಎಂದು ಆಮೇಲೆ ಒಬ್ಬಳೇ ಕೊರಗುವಳು.

ಹೊಸ ಸಭಾಂಗಣದವರು ದೊಡ್ಡ ಚಿತ್ರವೊಂದನ್ನು ಕೇಳಿದ ವರ್ಷ ಅವಳ ಕೈ ಕಟ್ಟಿಹೋಯಿತು. ಬಿಳಿ ಕ್ಯಾನ್ವಾಸಿನ ಮುಂದೆ ನಿಂತರೆ ಏನೂ ತೋಚದು. ನಿದ್ದೆಯಲ್ಲೂ ಬಿಳಿಯೇ ಬಿಳಿ. ಇನ್ನು ನನ್ನ ಕಥೆ ಮುಗಿಯಿತು ಎಂದು ಹೆದರಿದಳು. ಕೊನೆಗೆ ಅಪ್ಪನಿಗೆ ಹೇಳಿದಳು: "ಮುಂದಿನ ವಾರ ಕ್ಯಾನ್ವಾಸ್ ತಗೊಂಡು ಶೆಡ್ಡಿಗೇ ಬಂದ್ಬಿಡ್ತೀನಪ್ಪಾ. ಆ ಗೋಡೆ ಮುಂದೆ ಕೂತ್ರೆ ಏನಾದ್ರೂ ಹೊಳೀಬಹುದು."

ಮಗಳು ಕೆಲಸಕ್ಕೆ ಬರುತ್ತಾಳೆಂದರೆ ಬಣ್ಣ ಹೊಡೆಯುವ ಅಪ್ಪ ಏನು ಮಾಡುತ್ತಾನೆ ಹೇಳಿ! ಗೋಡೆಯನ್ನು ಕೆರೆದು, ಉಜ್ಜಿ, ಬಿರುಕಿಗೆ ಪುಟ್ಟಿ ತುಂಬಿ, ಥಳಥಳ ಹೊಳೆಯುವ ಹಾಗೆ ಬಿಳಿ ಬಳಿದ.

ಬಂದು ನೋಡಿದವಳು ಕ್ಯಾನ್ವಾಸನ್ನು ಬಾಗಿಲಲ್ಲೇ ಇಳಿಸಿದಳು. "ಅಯ್ಯೋ! ಏನಪ್ಪಾ ಮಾಡ್ಬಿಟ್ಟೆ!"

"ಯಾಕಮ್ಮಾ? ಗಲೀಜಾಗಿತ್ತು. ನೀನು ಕೂತ್ಕೊಳ್ಳೋ ಜಾಗ ಅಂತ..."

"ಗಲೀಜಲ್ಲಪ್ಪಾ ಅದು! ನಾನು ಇಷ್ಟು ವರ್ಷ ಬಿಡಿಸಿದ್ದೆಲ್ಲ ಅದನ್ನೇ. ನೀನು ಒರೆಸಿದ್ದನ್ನೇ!"

ಅಪ್ಪನ ಮುಖ ಸಪ್ಪಗಾಯಿತು. ಬ್ರಷ್ ಎತ್ತಿಕೊಂಡು ಹೊರಟು, ಯಾರದೋ ಗೇಟಿಗೆ ಹಸಿರು ಬಳಿದು ಸಂಜೆ ಮರಳಿದ. ಅವಳು ಇನ್ನೂ ಗೋಣಿಯ ಮೇಲೆಯೇ ಕೂತಿದ್ದಳು. ಅಭ್ಯಾಸಬಲದಿಂದ ಅವನ ಕೈ ಗೋಡೆಯತ್ತ ಎದ್ದು, ಅರ್ಧದಲ್ಲೇ ನಿಂತಿತು. "ಈಗ ಎಲ್ಲಿ ಒರೆಸ್ಲಿ?" ಎಂದ, ತಪ್ಪು ಮಾಡಿದ ಮಗುವಿನ ದನಿಯಲ್ಲಿ.

ಅವಳು ಎದ್ದು ಕ್ಯಾನ್ವಾಸನ್ನು ಗೋಡೆಗೆ ಆನಿಸಿದಳು. "ಇಲ್ಲೇ ಒರೆಸು."

"ಹುಚ್ಚೀ, ಹಾಳಾಗುತ್ತೆ ಕಣೇ!"

"ಆಗ್ಲಿ ಬಿಡು. ನೀನು ಶುರು ಮಾಡು, ಮುಂದಿನದು ನಾನು ನೋಡ್ಕೋತೀನಿ."

ಕಣ್ಣು ಮುಚ್ಚಿಕೊಂಡು ಮೇಲಿನಿಂದ ಕೆಳಕ್ಕೆ ಒಂದೇ ಸಲ ಎಳೆದ. ಬ್ರಷ್‌ನಲ್ಲಿ ಬಣ್ಣ ಹೆಚ್ಚೇ ಉಳಿದಿತ್ತು. ಗೆರೆಯ ತುದಿಯಿಂದ ಒಂದು ಹನಿ ಜಾರಿ, ಸ್ವಲ್ಪ ದೂರ ಹರಿದು ನಿಂತಿತು. ಬೆಳಕು ಮಂಕಾಗುತ್ತಿತ್ತು. ಹಸಿರು ಮೆಲ್ಲಗೆ ಅಲುಗಾಡಿದಂತಾಯಿತು. ಅವಳು ನೀಲಿ ಡಬ್ಬಿಯ ಮುಚ್ಚಳ ತೆಗೆದಳು.

ಸಭಾಂಗಣದಲ್ಲಿ ಕೆಲಸದವರು ಆ ಚಿತ್ರವನ್ನು ಗೋಡೆಗೇರಿಸುತ್ತಿದ್ದ ದಿನ ಅವಳು ಬಾಗಿಲಿಗೆ ಬರುವ ಹೊತ್ತಿಗೆ ಒಳಗೆ ಅಪ್ಪನ ಗಂಟಲು ಕೇಳಿಸಿತು.

"ಏಯ್, ಇಳಿಸ್ರಪ್ಪಾ! ತಲೆಕೆಳಗಾಗಿದೆ!"

ವ್ಯವಸ್ಥಾಪಕ ನಕ್ಕ. "ಇಂಥ ಚಿತ್ರಕ್ಕೆ ತಲೆ ಎಲ್ಲಿ, ಕಾಲೆಲ್ಲಿ ಯಜಮಾನ್ರೇ?"

ಅಪ್ಪ ನಗಲಿಲ್ಲ. ಹಸಿರು ಹನಿಯ ಕಡೆ ಬೆರಳು ತೋರಿಸಿದ. "ಬಣ್ಣ ಎಲ್ಲಾದ್ರೂ ಮೇಲಕ್ಕೆ ಹರಿಯುತ್ತೇನ್ರೀ? ಈ ಕಡೆ ಮೇಲು."

ಕೆಲಸದವರು ಅವಳ ಮುಖ ನೋಡಿದರು. "ನಮ್ಮಪ್ಪ ಹೇಳಿದ ಹಾಗೆ ಹಾಕಿ" ಎಂದಳು.