ರಿಚ್ಮಂಡ್ ಹಿಲ್‌ಗೆ ದೋಆಬಾದ ಉಚ್ಚಾರ ಹುಡುಕಿಕೊಂಡು

ಶನಿವಾರ ಬೆಳಿಗ್ಗೆ ಎಂಟಕ್ಕೆ ನಾನೂ ತಂಗಿಯ ಮಗಳು ಅನಘಾಳೂ ನಾನಿರುವ ಊರು ಓಲ್ಡ್ ಬ್ರಿಡ್ಜ್ ಬಿಟ್ಟೆವು. ನನ್ನ ಕೇಟರಿಂಗ್ ವ್ಯಾನ್ ಮನೆಯಲ್ಲೇ ಉಳಿಯಿತು. ದಾರಿಯ ಬೆಲ್ಟ್ ಪಾರ್ಕ್‌ವೇ ಹೆದ್ದಾರಿಯಲ್ಲಿ ಅಂಥ ವ್ಯಾಪಾರದ ಗಾಡಿ ಬಿಡುವುದಿಲ್ಲ, ಒಮ್ಮೆ ಟಿಕೆಟ್ ತಿಂದು ಕಲಿತಿದ್ದೇನೆ. ಕ್ವೀನ್ಸ್‌ನ ರಿಚ್ಮಂಡ್ ಹಿಲ್‌ಗೆ ನಲವತ್ತು ಚಿಲ್ಲರೆ ಮೈಲಿ, ನಡುವೆ ಎರಡು ಟೋಲ್ ಸೇತುವೆ. ಹೋಗುವವರು ಟೋಲ್ ಕಟ್ಟುವ ಈಝಿಪಾಸ್ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮನೆಗೆ ದೊಡ್ಡ ಬಿಲ್ಲೇ ಬರುತ್ತದೆ.

ಅನಘಾ ಪ್ರಿನ್ಸ್‌ಟನ್‌ನಲ್ಲಿ ಭಾಷಾವಿಜ್ಞಾನ ಓದುತ್ತಾಳೆ. ಪಂಜಾಬಿನ ದೋಆಬಾ ಸೀಮೆಯ ಹಳ್ಳಿಗರ ಉಚ್ಚಾರವೇ ಅವಳ ಥೀಸಿಸ್. ರೆಕಾರ್ಡಿಂಗ್‌ಗೆ ಸಿಗುತ್ತೇವೆಂದ ಇಬ್ಬರು ಕೈಕೊಟ್ಟಿದ್ದರು. ಉಳಿದವರು ನಿವೃತ್ತ ಟ್ಯಾಕ್ಸಿ ಡ್ರೈವರ್ ಗುರ್ಮೇಲ್ ಸಿಂಗ್ ಒಬ್ಬರೇ. ಅವರೂ ಹೋದರೆ ಥೀಸಿಸ್‌ನ ಒಂದು ಅಧ್ಯಾಯವೇ ಹೋದಂತೆ. ಮಾತಾಡಿದವರಿಗೆ ಗಿಫ್ಟ್ ಕಾರ್ಡ್ ಉಂಟೆಂದು ಕೇಳಿದಾಗಲೇ ನನಗೆ ಅನುಮಾನ ಶುರುವಾಯಿತು.

"ಕಾರ್ಡ್ ಸಿಗುತ್ತೆ ಅಂದ್ರೆ ಯಾರು ಬೇಕಾದ್ರೂ ದೋಆಬಾದವರಾಗ್ತಾರೆ ಕಣೇ. ಗುರುತು ಹೇಳು, ನಾನು ನೋಡ್ಕೋತೀನಿ."

"ದೊಡ್ಡಮ್ಮ, ಪ್ಲೀಸ್, ಇದು ತರಕಾರಿ ಅಲ್ಲ," ಎಂದಳು. ಆದರೂ ಹೇಳಿಕೊಟ್ಟಳು. ಮನೆ ಎನ್ನುವ 'ಘರ್' ಇಡೀ ಪಂಜಾಬಿನಲ್ಲಿ ದನಿ ತಗ್ಗಿಸಿದ 'ಕರ್'. ದೋಆಬಾದ ಗುರುತು ಬೇರೆ: ಉಳಿದವರ 'ವ' ಅಲ್ಲಿ 'ಬ' ಆಗುತ್ತದೆ. ನೋಡು ಎನ್ನಲು ಬೇರೆಯವರು 'ವೇಖ್' ಎಂದರೆ ಅವರು 'ಬೇಖ್' ಎನ್ನುತ್ತಾರೆ.

ಪಾರ್ಕಿಂಗ್ ಸಿಗಲು ಇಪ್ಪತ್ತು ನಿಮಿಷ ಸುತ್ತಿದೆವು. ಕೊನೆಗೆ ಎರಡು ಎಸ್‌ಯುವಿಗಳ ನಡುವೆ ಕಾರು ತುರುಕಿದೆ. ಗುರ್ಮೇಲ್ ಸಿಂಗ್ ಇಸ್ತ್ರಿ ಮಾಡಿದ ಬ್ಲೇಜರ್ ತೊಟ್ಟು, ಬಿಗಿಯಾಗಿ ಪಗಡಿ ಸುತ್ತಿ ತಮ್ಮ ಮನೆಯಲ್ಲಿ ಕಾಯುತ್ತಿದ್ದರು. ಮೈಕ್ ಮುಂದೆ ಕೂತು ವಾರ್ತೆ ಓದುವವರಂತೆ ಶುರು ಮಾಡಿದರು. ವೇಖ್. ವೀಹ್. ವಾಲ್. ಒಂದಾದರೂ 'ಬ' ಬರಬೇಕಲ್ಲ! ಅನಘಾಳ ಮುಖ ಬಾಡುತ್ತಾ ಹೋಯಿತು.

ನಾನು ಹಿಂದಿಯಲ್ಲಿ ಕೇಳಿಯೇಬಿಟ್ಟೆ: "ಭಾಯಿಸಾಬ್, ನಿಜ ಹೇಳಿ, ನಿಮ್ಮದು ಯಾವ ಊರು?"

"ಜಲಂಧರ್ ಪಕ್ಕದ ಹಳ್ಳಿ, ಬೆಹೆನ್‌ಜೀ. ಯಾಕೆ?"

"ಸುಮ್ಮನೆ," ಎಂದೆ. ನಂಬಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಜಸ್ಬೀರ್ ಬಂದು ಗಂಡ ಮುಟ್ಟದೆ ಆರಿಹೋದ ಚಹಾದ ಲೋಟ ನೋಡಿ ರೇಗಿದರು. "ಬೇಖ್! ಚಾಹ್ ಠಂಢೀ ಹೋ ಗಈ!" ಗಂಡ ತಿರುಗಿ ಅದೇ ಧಾಟಿಯಲ್ಲಿ ರೇಗಿದರು. ಐದು ನಿಮಿಷ ಜಗಳ. ಬಾಯಿ ತೆರೆದರೆ 'ಬ'. ಅನಘಾ ನೆಟ್ಟಗೆ ಕೂತಳು. ರೆಕಾರ್ಡರ್ ಓಡುತ್ತಲೇ ಇತ್ತು.

"ಅಂಕಲ್, ಇದನ್ನ ಇಟ್ಕೊಳ್ಳಲಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಅವರ ಮುಖ ಕೆಂಪಾಯಿತು. "ಅಳಿಸು ಬೇಟಾ. ಅದು ಹೊಲದ ಮಾತು. ಸ್ಕೂಲಲ್ಲಿ ಇದಕ್ಕೇ ಮೇಷ್ಟ್ರು ಬಾರಿಸ್ತಿದ್ರು. ನಿನ್ನ ಕಾಲೇಜಿಗೆ ಅಂತ ಎರಡು ದಿನ ಸರಿಯಾದ ಪಂಜಾಬಿ ಪ್ರಾಕ್ಟೀಸ್ ಮಾಡಿದೀನಿ."

ಅನಘಾ ತುಟಿ ಕಚ್ಚಿ, ಅವರೆದುರೇ ಅಳಿಸಿದಳು. ನನಗೆ ನಾಚಿಕೆಯಾಯಿತು. ಹುಟ್ಟಿದೂರು ಮಳವಳ್ಳಿಯ ಮಾತು ಮುಚ್ಚಿಟ್ಟು ಗಿರಾಕಿಗಳ ಮುಂದೆ ಬೆಂಗಳೂರು ಕನ್ನಡ ಆಡುವವಳು ನಾನೇ. ಮತ್ತೆ ರೆಕಾರ್ಡರ್ ಒತ್ತಿ, ಮೈಕ್ ಎಳೆದುಕೊಂಡು, ನಮ್ಮವ್ವನ ಜೊತೆ ಆಡುವ ಹಾಗೆ ಅಂದೆ: "ಏನವ್ವಾ, ಇಟ್ಟುಂಡ್ಯಾ? ಬಿರ್ನೆ ಬಾ, ಒಲಕ್ಕೋಗಾನ!" ಅನಘಾ ಬೆರಗಾದಳು, ನಾನು ಹೀಗೆ ಮಾತಾಡುವುದನ್ನು ಅವಳು ಕೇಳೇ ಇರಲಿಲ್ಲ.

"ನಂಗೂ ಸ್ಕೂಲಲ್ಲಿ ಹಕಾರ ನುಂಗಿದ್ದಕ್ಕೆ ಏಟು ಬಿದ್ದಿತ್ತು, ಭಾಯಿಸಾಬ್. ನನ್ನ ಈ ಮಾತನ್ನ ಅವಳು ಇಟ್ಕೊಳ್ಳಲಿ. ಈಗ ನಿಮ್ಮ ಸರದಿ."

ಜಸ್ಬೀರ್ ನಕ್ಕು ಗಂಡನ ಪಕ್ಕ ಕೂತರು. "ನಾನೂ ಕೂರ್ತೀನಿ. ಇವರೊಬ್ಬರೇ ಆದ್ರೆ ಮತ್ತೆ ಮೇಷ್ಟ್ರಾಗ್ತಾರೆ."

ಒಂದು ಗಂಟೆ ಇಬ್ಬರೂ ಎಮ್ಮೆ, ಬಾವಿ, ಮದುವೆಯ ದಿನದ ಜಗಳ ಎಲ್ಲ ಮಾತಾಡಿದರು. ಮುಗಿದ ಮೇಲೆ ಹೆಂಡತಿಗೂ ಒಂದು ಕಾರ್ಡ್ ಬೇಕೆಂದು ಗುರ್ಮೇಲ್ ಸಿಂಗ್ ಪಟ್ಟು ಹಿಡಿದರು. ನಾನು ಚೌಕಾಸಿಗೆ ಇಳಿಯಲಿಲ್ಲ.

ಎಸ್‌ಯುವಿಗಳ ನಡುವಿನಿಂದ ಕಾರು ತೆಗೆಯುವಾಗ ಅವರೇ ಬೀದಿಗೆ ಬಂದರು. ಬ್ಲೇಜರ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಎರಡೂ ಕೈ ಬೀಸುತ್ತಾ, ಇಡೀ ಬೀದಿಗೆ ಕೇಳುವಂತೆ ಹೊಲದ ಮಾತಿನಲ್ಲೇ ಕೂಗಿ ಕೂಗಿ ದಾರಿ ತೋರಿಸಿದರು. ನನಗೆ ಒಂದು ಪದವೂ ತಿಳಿಯಲಿಲ್ಲ. ಕಾರಿಗೆ ಒಂದು ಗೀರೂ ಬೀಳಲಿಲ್ಲ.